ಏಪ್ರಿಲ್ 13ರ ರಾತ್ರಿ ಸೈಕಲ್ಲಿಗೆ ಏನು ಹಾಕ್ಕೋಬೇಕು? ಕತ್ತಲದಾಗ ಕಾಣುವ ಹಕ್ಕಿನ ಬಗ್ಗೆ ಒಂದಿಷ್ಟು ಇತಿಹಾಸ



ಪೋಸ್ಟ್ ಸ್ವಲ್ಪ ಉದ್ದ ಐತಿ. 13ರ ರಾತ್ರಿ ನಮ್ಮ ಜೊತೆ ಸೈಕಲ್ ಹೊಡೆಯೋರು ದಯವಿಟ್ಟು ಪೂರ್ತಿ ಓದ್ರಿ. ಉಳಿದವರು ಪುರುಸೊತ್ತು ಆದಾಗ ಓದ್ರಿ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದಕ್ಕೆ 2015ರಲ್ಲಿ ತಿದ್ದುಪಡಿ ಆಯ್ತು. ತಿದ್ದುಪಡಿ ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ. ಅದರಲ್ಲಿ ಹೊಸದಾಗಿ ಸೇರಿದ ಕಲಂ 3(1)(ಝಡ್‌ಎ) ತೆಗೆದು ನೋಡ್ರಿ. ನಮ್ಮವರನ್ನು ಯಾವ ಯಾವ ವಿಷಯಕ್ಕೆ ತಡೆದರೆ ಅಪರಾಧ ಅಂತ ಅಲ್ಲಿ ಪಟ್ಟಿ ಐತಿ. ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತೋದು, ಸಾರ್ವಜನಿಕ ಜಾಗದಲ್ಲಿ ಚಪ್ಪಲಿ ಮೆಟ್ಟೋದು, ಹೊಸ ಬಟ್ಟೆ ಹಾಕೋದು, ಮದುವೆ ಮೆರವಣಿಗೆ ತೆಗೆಯೋದು, ಆ ಮೆರವಣಿಗೆಯಲ್ಲಿ ಕುದುರೆ ಏರೋದು. ಇವೆಲ್ಲ ಒಂದೇ ಉಸಿರಿನಲ್ಲಿ ಬರ್ತಾವ. ತಡೆದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಮೇಲೆ ದಂಡ.

ನಾನು ಕಚೇರಿಯಲ್ಲಿ ಗುಮಾಸ್ತ. ಕಲಂ, ಉಪಕಲಂ, ಸುತ್ತೋಲೆ ಓದೋದೇ ನನ್ನ ದಿನದ ಕೂಲಿ. ಸರಕಾರ ಇಲ್ಲದ ರೋಗಕ್ಕೆ ಔಷಧಿ ಚೀಟಿ ಬರೆಯೋದಿಲ್ಲ. ಇಪ್ಪತ್ತೊಂದನೇ ಶತಮಾನದ ಎರಡನೇ ದಶಕದಲ್ಲಿ ದೇಶದ ಸಂಸತ್ತು ಸೈಕಲ್ಲು, ಚಪ್ಪಲಿ, ಹೊಸ ಬಟ್ಟೆ ಮೂರನ್ನೂ ಒಂದೇ ಉಪಕಲಮಿನಲ್ಲಿ ಬರೆಯಬೇಕಾಗಿ ಬಂತು ಅಂದ್ರ, ಈ ಮೂರೂ ನಮ್ಮ ಮೈಮೇಲೆ ಕಂಡಾಗ ಇನ್ನೂ ಕೆಲವರ ಹೊಟ್ಟೆ ಉರಿತದ ಅಂತ ಅರ್ಥ.

ಈ ಸಲ ಬಾಬಾಸಾಹೇಬರ ಜಯಂತಿಗೆ ನಮ್ಮ ಹುಲಗೂರಿನ ಮತ್ತ ಸುತ್ತಲ ಹಳ್ಳಿಯ ಹುಡುಗರು, ಹುಡುಗಿಯರು, ನನ್ನಂಥ ನಲವತ್ತು ದಾಟಿದ ನಾಲ್ಕೈದು ಮಂದಿ ಸೇರಿ 13ರ ರಾತ್ರಿ ಹೊರಟು ಹುಬ್ಬಳ್ಳಿ ಮೇಲೆ ಧಾರವಾಡ ಮುಟ್ಟಬೇಕಂತ ಮಾಡೀವಿ. ಅರವತ್ತು ಕಿಲೋಮೀಟರಿಗೂ ಮೇಲೆ. ಧಾರವಾಡ ಯಾಕಂದ್ರ, ಅಂಬೇಡ್ಕರ್ 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ, ನಮ್ಮ ಮಕ್ಕಳು ಹೈಸ್ಕೂಲು ಕಲಿಯಲಿ ಅಂತ ಮುಂಬೈ ಪ್ರಾಂತದ ಕೆಲವೇ ಊರಲ್ಲಿ ಹಾಸ್ಟೆಲ್ ಮಾಡಿದಾಗ, ಕನ್ನಡ ನೆಲದ ಧಾರವಾಡವನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದರು. ಆಗ ನಮ್ಮ ಹುಲಗೂರು, ಶಿಗ್ಗಾಂವಿ ಎಲ್ಲಾ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ.

ದಾರಿ, ಊಟ, ಪಂಕ್ಚರ್ ಸಾಮಾನು ಎಲ್ಲಾ ಒಂದೇ ಸಭೆಯಲ್ಲಿ ಮುಗೀತು. ಮುಗಿಯದೇ ಉಳಿದದ್ದು ಒಂದೇ ವಿಷಯ: ಮೈಮೇಲೆ ಏನು ಹಾಕ್ಕೋಬೇಕು?

ಹುಡುಗರು ಎಲ್ಲರೂ ಕಡು ನೀಲಿ ಟೀ ಶರ್ಟ್ ಅಂದರು. ನಾನು, ರಾತ್ರಿ ರೋಡಿನ್ಯಾಗ ಕಡು ನೀಲಿ ಅಂದ್ರ ಕರೇದಾ, ಲಾರಿಯವಂಗ ಕಾಣೂದಿಲ್ಲ, ಮ್ಯಾಲೆ ಬೆಳ್ಳಿ ಪಟ್ಟಿ ಇರೋ ಜಾಕೀಟ ಹಾಕ್ಕೊಳ್ರಿ ಅಂದೆ. ಅದಕ್ಕ ಒಬ್ಬ ಹುಡುಗ ಹೇಳಿದ ಮಾತು ನನ್ನನ್ನ ಮಲಗಗೊಡಲಿಲ್ಲ. "ಅಣ್ಣಾ, ಆ ಜಾಕೀಟ ಹಾಕ್ಕೊಂಡ್ರ ಕಸಾ ಹೊಡೆಯೋರ ಹಂಗ ಕಾಣ್ತೀವಿ. ನಮ್ಮ ಅವ್ವ ಅದನ್ನ ಹಾಕ್ಕೊಂಡು ದಿನಾ ರೋಡ್ ಬಳೀತಾಳ. ಜಯಂತಿ ದಿನಾನೂ ಅದನ್ನ ಹಾಕ್ಕೋಬೇಕೇನು?"

ಅವನ ಮಾತಿನಲ್ಲಿ ತಪ್ಪಿಲ್ಲ. ಸಿಟ್ಟಿಗೆ ಕಾರಣ ಐತಿ. ಅದಕ್ಕ ಉತ್ತರ ಕೊಡಬೇಕಂದ್ರ ಬಟ್ಟೆಯ ಇತಿಹಾಸವನ್ನೇ ಸ್ವಲ್ಪ ಬಿಚ್ಚಬೇಕು.

ಮೊದಲನೇದು, ಬಾಬಾಸಾಹೇಬರದೇ ಒಂದು ರಾತ್ರಿ ಪ್ರಯಾಣ. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಸಣ್ಣ ಆತ್ಮಕಥನದಲ್ಲಿ ಅವರೇ ಬರೆದಿದ್ದಾರೆ. 1901ನೇ ಇಸವಿ. ಮನೆ ಸಾತಾರಾದಲ್ಲಿ. ತಂದೆ ಬರಗಾಲದ ಕಾಮಗಾರಿ ನಡೆದಿದ್ದ ಕೊರೆಗಾಂವ್ ಕಡೆ ಖಜಾಂಚಿ. ಬೇಸಿಗೆ ರಜೆಗೆ ಬರ್ರಿ ಅಂತ ಕಾಗದ ಬರೆದರು. ಒಂಬತ್ತು ಹತ್ತು ವರ್ಷದ ಹುಡುಗ ಭೀಮ, ಮನೆಯ ಬೇರೆ ಹುಡುಗರ ಜೊತೆ ಹೊರಟ. ಮೊದಲ ಸಲ ರೈಲು ಹತ್ತೋ ಸಂಭ್ರಮ. ಪ್ರಯಾಣಕ್ಕಂತಲೇ ಹೊಸ ಬಟ್ಟೆ ಮಾಡಿಸಿದರು. ಇಂಗ್ಲಿಷ್ ಮಾದರಿ ಅಂಗಿ, ಮಿನುಗೋ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ.

ಮಸೂರು ಸ್ಟೇಷನ್ನಿನಲ್ಲಿ ಇಳಿದರು. ನಮ್ಮವರಿಗೆ ಗುರುತು ಸಿಗಲಿ ಅಂತ ಹೇಳ್ತೀನಿ, ಪುಣೆಯಿಂದ ಮಸೂರು ದಾಟಿ ಬರೋ ಆ ಹಳಿಯೇ ಮುಂದ ಮಿರಜ, ಬೆಳಗಾವಿ, ಲೋಂಡಾ, ಧಾರವಾಡ ಹಿಡಿದು ನಮ್ಮ ಹುಬ್ಬಳ್ಳಿಗೆ ಬರ್ತದ. ಕರೆದೊಯ್ಯೋಕೆ ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದ್ಕೊಂಡರು, ಮರುಗಿದರು. ಜಾತಿ ಕೇಳಿದರು. ಮಹಾರರು ಅಂತ ಹುಡುಗ ಹೇಳಿದ. ಅಷ್ಟೇ, ಮಾಸ್ತರರ ಮುಖವೇ ಬದಲಾಯಿತು. ಆಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿ ಹುಡುಗರೇ ಹೊಡೀಬೇಕು, ಗಾಡಿಯವ ಪಕ್ಕದಲ್ಲಿ ನಡೀತಾನೆ ಅನ್ನೋ ಕರಾರಿನ ಮೇಲೆ ಹೊರಟರು. ರಾತ್ರಿ ಪ್ರಯಾಣ. ಬುತ್ತಿ ಇತ್ತು, ಕುಡಿಯೋಕೆ ನೀರು ಸಿಗಲಿಲ್ಲ. ಸುಂಕದ ಕಟ್ಟೆಯಲ್ಲಿ ಮುಸಲ್ಮಾನರು ಅಂತ ಸುಳ್ಳು ಹೇಳಿ ಕೇಳಿದರೂ ಸಿಗಲಿಲ್ಲ.

ಈ ಕಥೆಯನ್ನ ನಾವು ನೀರಿನ ಕಥೆ ಅಂತ ಓದ್ತೀವಿ. ಹೌದು, ನೀರಿನ ಕಥೆಯೇ. ಆದ್ರ ನನಗ ಅದು ಬಟ್ಟೆಯ ಕಥೆಯಾಗಿಯೂ ಕಾಣ್ತದ. ಒಳ್ಳೆ ಬಟ್ಟೆ ಆ ಮಕ್ಕಳಿಗೆ ಕೆಲವು ನಿಮಿಷ ಮಾತ್ರ ಮರ್ಯಾದೆ ಕೊಡಿಸಿತು. ಜಾತಿ ತಿಳಿದ ಮೇಲೆ ರೇಷ್ಮೆ ಅಂಚಿಗೂ ಬೆಲೆ ಇಲ್ಲ. ಆ ಹುಡುಗ ಮುಂದೆ ದೊಡ್ಡವನಾಗಿ ಜೀವನಪೂರ್ತಿ ಕೋಟು, ಟೈ, ಬೂಟು ಬಿಡಲಿಲ್ಲ. 1921ರ ಸೆಪ್ಟೆಂಬರಿನಲ್ಲಿ ಮಧುರೈಯಲ್ಲಿ ಗಾಂಧೀಜಿ ಬಡವರ ಹಾಗೆ ಇರಬೇಕಂತ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. ಅಂಗಿ ಇದ್ದವರು ಬಿಡಬಹುದು. ಅಂಗಿ ಹಾಕೋದಕ್ಕೇ ಹೊಡೆಸಿಕೊಂಡವರು ಏನು ಬಿಡಬೇಕು? ಊರೂರಿನ ಪ್ರತಿಮೆಯಲ್ಲಿ ಬಾಬಾಸಾಹೇಬರು ನೀಲಿ ಸೂಟಿನಲ್ಲಿ ನಿಂತಿರೋದಕ್ಕೆ ಉತ್ತರ ಇಲ್ಲೇ ಐತಿ.

ಹೊಡೆಸಿಕೊಂಡವರು ಅಂತ ಸುಮ್ಮನೆ ಹೇಳಲಿಲ್ಲ. 1928ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದ ವರದಿಯನ್ನ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಎತ್ತಿ ತೋರಿಸಿದ್ದಾರೆ. ಇಂದೋರ್ ಸಂಸ್ಥಾನದ ಹದಿನೈದರಷ್ಟು ಹಳ್ಳಿಗಳಲ್ಲಿ ಪಟೇಲರು, ಪಟವಾರಿಗಳು ಬಲಾಯಿ ಜನಕ್ಕೆ ನಿಯಮ ಹಾಕಿದರು. ಜರಿ ಅಂಚಿನ ರುಮಾಲು ಸುತ್ತಬಾರದು. ಬಣ್ಣದ ಅಂಚಿನ ಧೋತರ ಉಡಬಾರದು. ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು, ಚೆಂದದ ಲಂಗ ಕುಪ್ಪಸ ತೊಡಬಾರದು. ಒಪ್ಪದವರಿಗೆ ಬಾವಿ ಬಂದ್, ದನ ಮೇಯಿಸೋದು ಬಂದ್.

1930ರಲ್ಲಿ ಮದ್ರಾಸ್ ಪ್ರಾಂತದ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ 8 ನಿಷೇಧ ಹೇರಿದರು. ಗಂಡಸರ ಬಟ್ಟೆ ಮೊಣಕಾಲಿನ ಕೆಳಗೆ ಇಳಿಯಬಾರದು, ಸೊಂಟದ ಮೇಲೆ ಏರಬಾರದು. ಕೋಟು, ಅಂಗಿ, ಬನಿಯನ್ ಕೂಡದು.  ಬಿಸಿಲಿಗೆ ಮಳೆಗೆ ಕೊಡೆ ಹಿಡಿಯಬಾರದು, ಚಪ್ಪಲಿ ಮೆಟ್ಟಬಾರದು. ಅಂದ್ರ, ನಮ್ಮವರ ಚರ್ಮಕ್ಕೂ ಮಳೆಗೂ ನಡುವೆ ಏನೂ ಇರಬಾರದು ಅಂತ ಕಟ್ಟಳೆ!

ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚೋ ಹಕ್ಕಿಗೆ ದಶಕಗಟ್ಟಲೆ ಹೊಡೆದಾಡಿದರು. 1859ರಲ್ಲಿ ಮಹಾರಾಜ ಒಪ್ಪಿದ. ಒಪ್ಪಿದ್ದು ಹೆಂಗ? ಕುಪ್ಪಸ ಹಾಕಬಹುದು, ಒರಟು ಬಟ್ಟೆ ಹೊದೆಯಬಹುದು, ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಹೊದೆಯಬಾರದು. ಹಕ್ಕು ಕೊಟ್ಟ ಕೈಯಲ್ಲೇ ಗೆರೆಯನ್ನೂ ಕೊರೆದರು.

ಇಷ್ಟೆಲ್ಲಾ ನಿಯಮಗಳ ಗುರಿ ಒಂದೇ. ದೂರದಿಂದಲೇ ಗುರುತು ಸಿಗಬೇಕು, ಆದ್ರ ಕಣ್ಣು ಕುಕ್ಕುವಂಗ ಕಾಣಬಾರದು. ಇದರ ಕಡೇ ಮೆಟ್ಟಿಲು ನೋಡಬೇಕಂದ್ರ ತಿರುನೆಲ್ವೇಲಿಯ ಪುರದ ವಣ್ಣಾನ್ ಜನರ ಕಥೆ ಕೇಳ್ರಿ. 1932ರ ಡಿಸೆಂಬರಿನಲ್ಲಿ 'ದಿ ಹಿಂದೂ' ಪತ್ರಿಕೆಯಲ್ಲಿ ಬಂದ ವರದಿ ಇದು. ಅವರನ್ನ ನೋಡಿದರೂ ಮೈಲಿಗೆ. ಹಗಲು ಹೊತ್ತು ಹೊರಗೆ ಬರೋ ಹಂಗಿಲ್ಲ. ಅವರ ಕಸುಬು ಬೇರೆ ಅಸ್ಪೃಶ್ಯರ ಬಟ್ಟೆ ಒಗೆಯೋದು. ಮಧ್ಯರಾತ್ರಿಯಿಂದ ಬೆಳಕು ಹರಿಯೋದರೊಳಗೆ ಒಗೆದು ಮುಗಿಸಿ ಮನೆ ಸೇರಬೇಕು. ಪೇಶ್ವೆಗಳ ಪುಣೆಯಲ್ಲಿ ಇನ್ನೊಂದು ಲೆಕ್ಕ. ಬೆಳಿಗ್ಗೆ 9ರ ಮುಂಚೆ, ಮಧ್ಯಾಹ್ನ 3ರ ಮೇಲೆ ಮಹಾರ ಮಾಂಗರು ಕೋಟೆ ಬಾಗಿಲೊಳಗೆ ಇರಬಾರದು, ಯಾಕಂದ್ರ ಆ ಹೊತ್ತಿನಲ್ಲಿ ನೆರಳು ಉದ್ದ ಬೀಳ್ತದ.

ಈಗ ಹುಡುಗನ ಜಾಕೀಟಿಗೆ ಬರೋಣ.

ಆ ಜಾಕೀಟು ಪೌರಕಾರ್ಮಿಕರಿಗೆ ಯಾಕೆ ಕೊಟ್ಟರು? ನಸುಕಿನಲ್ಲಿ, ಲೈಟು ಇರದ ರಸ್ತೆಯಲ್ಲಿ ಅವರು ಗಾಡಿಗಳ ನಡುವೆ ಬಗ್ಗಿ ಕೆಲಸ ಮಾಡ್ತಾರ. ಗಾಡಿ ಹೊಡೆಯೋನಿಗೆ ಕಾಣಲಿ ಅಂತ ಕೊಟ್ಟದ್ದು. ಹೆದ್ದಾರಿ ಕೆಲಸದವರಿಗೆ, ಟ್ರಾಫಿಕ್ ಪೊಲೀಸರಿಗೆ, ವಿಮಾನ ನಿಲ್ದಾಣದಲ್ಲಿ ನೌಕರರಿಗೆ ಕೊಡೋದೂ ಅದೇ ಜಾಕೀಟು. ಪೊಲೀಸ್ ಹಾಕಿದರೆ ದರ್ಪ, ಇಂಜಿನಿಯರ್ ಹಾಕಿದರೆ ಹುದ್ದೆ, ನಿಮ್ಮವ್ವ ಹಾಕಿದರೆ ಜಾತಿ. ಬಟ್ಟೆಯಲ್ಲಿ ಜಾತಿ ಇಲ್ಲ ತಮ್ಮಾ, ಅದು ನೋಡೋರ ಕಣ್ಣಿನಾಗ ಐತಿ. ನಿಮ್ಮವ್ವ ನಮ್ಮೆಲ್ಲರಿಗಿಂತ ಹೆಚ್ಚು ಕತ್ತಲ ಕಂಡಾಕಿ. ರಾತ್ರಿ ರಸ್ತೆಯಲ್ಲಿ ಜೀವ ಹೆಂಗ ಉಳಿಸಿಕೋಬೇಕಂತ ನಾವು ಆಕಿ ಕಡೆ ಕಲೀಬೇಕು.

ಸಾವಿರ ವರ್ಷ ನಮಗೆ ಹೇಳಿದ್ದು, ಕಾಣಬ್ಯಾಡ್ರಿ ಅಂತ. ಒಂದು ರಾತ್ರಿ ನಾವೇ ತೀರ್ಮಾನಿಸಿ, ಅರ್ಧ ಕಿಲೋಮೀಟರ್ ದೂರದಿಂದ ಪಳಪಳ ಹೊಳೆಯೋ ಹಂಗ ಸಾಲಾಗಿ ಹೋಗ್ತೀವಿ ಅಂದ್ರ, ಅದಕ್ಕಿಂತ ದೊಡ್ಡ ಜಯಂತಿ ಯಾವುದು?

ಇನ್ನು ನೀಲಿ ಬಣ್ಣ. 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಫೆಡರೇಶನ್ನಿನ ಬಾವುಟ ನೀಲಿ. ಅಲ್ಲಿಂದ ನೀಲಿ ನಮ್ಮದಾಯ್ತು. ನೀಲಿಯನ್ನ ಬಿಡ್ರಿ ಅಂತ ನಾನು ಹೇಳೋದಿಲ್ಲ. ಆದ್ರ ಕಡು ನೀಲಿ ಬಟ್ಟೆ ಬೆಳಕನ್ನ ನುಂಗ್ತದ, ವಾಪಸ್ ಕೊಡೋದು ಬಹಳ ಕಡಿಮೆ. ಹುಣ್ಣಿಮೆ ಇದ್ದರೂ ರಸ್ತೆ ಮೇಲೆ ಕರೀ ಗಂಟು ಕಂಡಂಗ ಕಾಣ್ತದ. ನೀಲಿ ಶಾಲು, ನೀಲಿ ರಿಬ್ಬನ್ನು, ಸೈಕಲ್ ಮುಂದ ನೀಲಿ ಬಾವುಟ, ಎಲ್ಲಾ ಇರಲಿ. ಮೈ ಮಾತ್ರ ಬೆಳ್ಳಗ ಇರಲಿ, ಮೇಲೆ ಬೆಳ್ಳಿ ಪಟ್ಟಿ ಇರಲಿ. ಬೆಳಗಾದ ಮೇಲೆ ಧಾರವಾಡದಲ್ಲಿ ಎಲ್ಲರೂ ನೀಲಿ ಟೀ ಶರ್ಟ್ ಹಾಕ್ಕೊಂಡೇ ಮಾಲೆ ಹಾಕೋಣ. ರಾತ್ರಿಗೆ ಒಂದು ಬಟ್ಟೆ, ಹಗಲಿಗೆ ಒಂದು.

ಎರಡು ಜೊತೆ ಬಟ್ಟೆ ಒಯ್ಯೋದೂ ನಮ್ಮ ಇತಿಹಾಸದಲ್ಲಿ ಹೊಸದಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಸುರುವಾದಾಗ ಸಾವಿತ್ರಿಬಾಯಿ ಫುಲೆ ಅವರ ಮೇಲೆ ದಾರಿಯಲ್ಲಿ ಸಗಣಿ, ಕೆಸರು ಎಸೀತಿದ್ದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗ್ತಿದ್ದರು. ಶಾಲೆ ಮುಟ್ಟಿದ ಮೇಲೆ ಬದಲಾಯಿಸಿ ಪಾಠ ಮಾಡ್ತಿದ್ದರು.

ಸೈಕಲ್ಲಿನ ಚರಿತ್ರೆಯೂ ನಮ್ಮಲ್ಲಿ ಐತಿ. ಕಾನ್ಶಿರಾಮ್ ಸಾಹೇಬರು 1981ರ ಡಿಸೆಂಬರ್ 6ಕ್ಕೆ ಡಿಎಸ್4 ಕಟ್ಟಿದರು. 1983ರಲ್ಲಿ ದಿಲ್ಲಿಯಿಂದ ಸೈಕಲ್ ಜಾಥಾ ಹೊರಡಿಸಿ 40 ದಿನದಲ್ಲಿ 7 ರಾಜ್ಯ, ಸುಮಾರು 3000 ಕಿಲೋಮೀಟರ್ ಸುತ್ತಿದರು. ದುಡ್ಡಿಲ್ಲದ ಚಳವಳಿಗೆ ಎರಡು ಗಾಲಿ, ಎರಡು ಕಾಲು ಸಾಕು ಅಂತ ತೋರಿಸಿದರು. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆ ಹಳ್ಳಿ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸರಕಾರ ಸೈಕಲ್ ಕೊಡೋಕೆ ಸುರು ಮಾಡಿತು. 13ರ ರಾತ್ರಿ ಬರೋ ನಮ್ಮ ಹುಡುಗಿಯರಲ್ಲಿ ಅರ್ಧಕ್ಕರ್ಧ ಆ ಸೈಕಲ್ಲಿನ ಮೇಲೇ ಕಲಿತವರು.

ಅದಕ್ಕೂ ಹಿಂದಿನ ಕಾಲ ಬೇರೆ ಇತ್ತು. ನಮ್ಮಪ್ಪ ಸೆಕೆಂಡ್ ಹ್ಯಾಂಡ್ ಸೈಕಲ್ ಒಂದು ತಗೊಂಡಿದ್ದ. ನಮ್ಮ ಭಾಗದ ಒಂದು ಹಳ್ಳಿಗೆ, ಹೆಸರು ಬ್ಯಾಡ, ಕೆಲಸಕ್ಕೆ ಹೋಗ್ತಿದ್ದ. ಅಗಸಿ ಬಾಗಿಲಿಗೆ ಬಂದ ಕೂಡಲೇ ಇಳೀಬೇಕು. ಚಪ್ಪಲಿ ತೆಗೆದು ಹ್ಯಾಂಡಲ್ಲಿಗೆ ಸಿಗಿಸಬೇಕು. ಹೆಗಲ ಮೇಲಿನ ಟಾವೆಲ್ ತೆಗೆದು ಸೊಂಟಕ್ಕೆ ಸುತ್ತಬೇಕು. ಊರು ದಾಟೋತನಕ ಸೈಕಲ್ ತಳ್ಳಿಕೊಂಡು ನಡೀಬೇಕು. "ಚಪ್ಪಲಿ ಹೊಲಿಯೋರು ನಾವು, ಮೆಟ್ಟೋರು ಅವರು" ಅಂತ ಅಪ್ಪ ನಗ್ತಾ ಹೇಳ್ತಿದ್ದ. ಆ ನಗು ನನಗ ಸಣ್ಣವನಿದ್ದಾಗ ತಿಳೀತಿರಲಿಲ್ಲ. ಕಲ್ಯಾಣದ ಹರಳಯ್ಯ ದಂಪತಿಗಳು ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಲ್ಲೇ ಪಾದರಕ್ಷೆ ಮಾಡಿದರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣ ಅದನ್ನ ಮೆಟ್ಟಲಿಲ್ಲ, ತಲೆ ಮೇಲೆ ಇಟ್ಟುಕೊಂಡರು ಅಂತ ಕಥೆ. ಹರಳಯ್ಯನ ಕಾಲಿನಲ್ಲಿ ಏನಿತ್ತು ಅಂತ ಕಥೆ ಹೇಳೋರು ಯಾರೂ ಕೇಳಲಿಲ್ಲ.

ಮೈಮೇಲಿನ ಗುರುತಿನ ಜಗಳ ನಮ್ಮ ನೆಲದಲ್ಲೂ ಹಳೇದು. ಹುಲಗೂರಿನ ಖಾದರಶಾವಲಿ ದರ್ಗಾದ ಆಶೀರ್ವಾದದಿಂದ ಹುಟ್ಟಿದವರು ಅಂತ ಜನ ನಂಬೋ ಶಿಶುನಾಳ ಶರೀಫರಿಗೆ, ಗುರು ಗೋವಿಂದ ಭಟ್ಟರು ಎಲ್ಲರ ವಿರೋಧದ ನಡುವೆ ಜನಿವಾರ ಹಾಕಿದರು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ನಮಗ ಜನಿವಾರ ಬ್ಯಾಡ. ಆದ್ರ ಯಾರ ಮೈಮೇಲೆ ಏನಿರಬೇಕು ಅನ್ನೋ ನಿಯಮವನ್ನ ಮುರಿದ ಊರು ನಮ್ಮ ನೆರೆಯಲ್ಲೇ ಐತಿ ಅಂತ ನೆನಪಿರಲಿ.

ಇಷ್ಟು ಹೇಳಿ, ಈಗ ಕೆಲಸದ ಮಾತು. ಏನು ಹಾಕ್ಕೋಬೇಕು, ಯಾಕೆ.

ಮೇಲಿನ ಬಟ್ಟೆ. ಬಿಳಿ ಅಥವಾ ತಿಳಿ ಬಣ್ಣದ ಪೂರ್ತಿ ತೋಳಿನ ಅಂಗಿ, ಅದರ ಮೇಲೆ ಜಾಕೀಟು. ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಜಾಕೀಟಿನ ಹಳದಿ, ಕೇಸರಿ ಬಣ್ಣ ಹೊಳೆಯೋದು ಹಗಲಿನಲ್ಲಿ ಮತ್ತ ಮುಸ್ಸಂಜೆಯಲ್ಲಿ, ಸೂರ್ಯನ ಬೆಳಕಿನಿಂದ. ನಡುರಾತ್ರಿ ಆ ಬಣ್ಣ ಬಹಳ ಕೆಲಸ ಮಾಡೋದಿಲ್ಲ. ರಾತ್ರಿ ಕೆಲಸ ಮಾಡೋದು ಬೂದಿ ಬಣ್ಣದ ಆ ಪಟ್ಟಿ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಇರ್ತಾವ. ಹೆಡ್‌ಲೈಟಿನ ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅವು ವಾಪಸ್ ಕಳಿಸ್ತಾವ. ಅದಕ್ಕೇ ಡ್ರೈವರಿಗೆ ಪಟ್ಟಿ ಉರಿದಂಗ ಕಾಣ್ತದ. ಒಗೆದು ಒಗೆದು ಪಟ್ಟಿ ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ, ಆ ಜಾಕೀಟು ಇದ್ದೂ ಇಲ್ಲದಂಗ. ಬೆನ್ನಿಗೆ ಚೀಲ ಹಾಕಿದರೆ ಪಟ್ಟಿ ಮುಚ್ಚಿಹೋಗ್ತದ, ಅದಕ್ಕ ಚೀಲದ ಮೇಲೂ ಪಟ್ಟಿ ಅಂಟಿಸ್ರಿ.

ಕಾಲು. ನನ್ನ ಪ್ರಕಾರ ಜಾಕೀಟಿನಷ್ಟೇ ಮುಖ್ಯ. ಎರಡೂ ಹಿಮ್ಮಡದ ಮೇಲೆ ಮತ್ತ ಮೊಣಕಾಲಿಗೆ ಹೊಳೆಯೋ ಪಟ್ಟಿ ಕಟ್ಟಿಕೊಳ್ರಿ. ಸುಮ್ಮನೆ ನಿಂತ ಬೆಳಕು ಕಂಡ್ರ ಡ್ರೈವರಿಗೆ ಮೈಲಿಗಲ್ಲೋ, ಕಂಬವೋ ಅನ್ನಿಸ್ತದ. ಮೇಲೆ ಕೆಳಗೆ ಆಡೋ ಎರಡು ಬೆಳಕು ಕಂಡ್ರ ಮನಷ್ಯಾ ಪೆಡಲ್ ತುಳೀತಾನ ಅಂತ ತಟ್ಟನೆ ತಿಳೀತದ. ಆಸ್ಟ್ರೇಲಿಯಾದಲ್ಲಿ ಈ ಬಗ್ಗೆ ಸಂಶೋಧನೆ ಮಾಡಿದವರೂ ಇದನ್ನೇ ಹೇಳಿದ್ದಾರೆ. ಪ್ಯಾಂಟಿನ ಬಲಗಾಲು ಚೈನಿಗೆ ಸಿಗದಂಗ ಕ್ಲಿಪ್ ಹಾಕ್ರಿ. ಹಳೇ ಗುಮಾಸ್ತರು, ಪೋಸ್ಟ್‌ಮನ್‌ಗಳು ಹಾಕ್ತಿದ್ದರಲ್ಲ, ಅದು. ಸಿಗದಿದ್ದರೆ ಸಾಕ್ಸಿನೊಳಗೆ ತುರುಕ್ರಿ. ಹೊಳೆಯೋ ಪಟ್ಟಿಯಲ್ಲೇ ಕಟ್ಟಿದರೆ ಎರಡೂ ಕೆಲಸ ಆಯ್ತು.

ಜೀನ್ಸ್ ಬ್ಯಾಡ. ಅದರ ದಪ್ಪ ಹೊಲಿಗೆ ಸೀಟಿನ ಮೇಲೆ ನಾಲ್ಕು ತಾಸು ತಿಕ್ಕಿದರೆ ತೊಡೆ ಸಂದಿ ಹುಣ್ಣಾಗಿ ಮರುದಿನ ನಡೆಯೋಕೂ ಬರೋದಿಲ್ಲ. ಆಟದ ಮೈದಾನದಲ್ಲಿ ಹಾಕೋ ಟ್ರ್ಯಾಕ್ ಪ್ಯಾಂಟು ಒಳ್ಳೇದು. ಒಳಗಿನ ಬಟ್ಟೆ ಬಿಗಿಯಾಗಿರಲಿ, ಹೊಸದಿರಬಾರದು, ಒಮ್ಮೆ ಒಗೆದದ್ದು ಇರಲಿ.

ಕಾಲಿಗೆ ಮುಚ್ಚಿದ ಬೂಟು. ಹವಾಯಿ ಚಪ್ಪಲಿ ಪೆಡಲ್ ಮೇಲೆ ಜಾರ್ತದ, ನಿದ್ದೆಗಣ್ಣಿನಲ್ಲಿ ಒಂದು ಕಾಲಿಂದ ಬಿದ್ದರೆ ಕತ್ತಲಲ್ಲಿ ಹುಡುಕೋರು ಯಾರು? ಬೂಟು ಇಲ್ಲದವರು ನಾಚಿಕೆ ಬಿಟ್ಟು ನನಗ ಹೇಳ್ರಿ. ಶಾಲೆಯ ಕ್ಯಾನ್ವಾಸ್ ಬೂಟು ಆದರೂ ಸಾಕು. ಲೇಸಿನ ತುದಿ ಒಳಗೆ ಸಿಗಿಸ್ರಿ.

ಹೆಣ್ಣುಮಕ್ಕಳಿಗೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರಿಗೆ ಹೇಳಿದ್ದು, ಅಸ್ಪೃಶ್ಯರು ಅಂತ ಗುರುತು ಹಚ್ಚೋ ಸೀರೆಯ ಪದ್ಧತಿ ಬಿಡ್ರಿ, ಭಾರದ ಆಭರಣ ಬಿಡ್ರಿ, ಬಟ್ಟೆ ಹರಿದಿದ್ದರೂ ಸ್ವಚ್ಛ ಇರಲಿ ಅಂತ. ಎಲ್ಲರೂ ಮರುದಿನವೇ ಸೀರೆ ಉಡೋ ಪದ್ಧತಿ ಬದಲಿಸಿಕೊಂಡು ಬಂದರು ಅಂತ ಓದೀವಿ. ಸೀರೆಯೋ ಚೂಡಿದಾರೋ ಅನ್ನೋದು ನಿಮ್ಮ ಇಷ್ಟ, ನಾವು ಗಂಡಸರು ಹೇಳೋದಲ್ಲ. ಆದ್ರ ಚಕ್ರಕ್ಕೆ ನಿಮ್ಮ ಇಷ್ಟ ತಿಳಿಯೋದಿಲ್ಲ. ಸೆರಗು, ದುಪಟ್ಟಾ ಹಿಂದಿನ ಗಾಲಿಗೆ ಸಿಕ್ಕರೆ ಕುತ್ತಿಗೆಗೇ ಬರ್ತದ. ದುಪಟ್ಟಾ ಎದೆ ಮೇಲೆ ಅಡ್ಡ ಹಾಕಿ ಸೊಂಟಕ್ಕೆ ಗಂಟು ಹಾಕ್ರಿ, ಇಲ್ಲಾ ಮನೆಯಲ್ಲೇ ಇಟ್ಟು ಬರ್ರಿ, ಜಾಕೀಟು ಸಾಕು. ಹೊಲದ ಕೆಲಸಕ್ಕೆ ಕಚ್ಚೆ ಹಾಕೋ ಅವ್ವಂದಿರು ಬರೋದಾದರೆ ಕಚ್ಚೆ ಸೀರೆಯೇ ಬಹಳ ಒಳ್ಳೇದು, ನೆರಿಗೆ ಹಾರೋದಿಲ್ಲ. ಉದ್ದ ಜಡೆ ಮಡಚಿ ಕಟ್ರಿ.

ಗಂಡಸರ ಟಾವೆಲ್ಲಿಗೂ ಅದೇ ಮಾತು. ನೀಲಿ ಶಾಲು ಎರಡೂ ಕಡೆ ಇಳಿಬಿಟ್ಟು ಹಾರಿಸಿಕೊಂಡು ಹೋಗೋದು ಫೋಟೋಕ್ಕ ಚೆಂದ, ಗಾಲಿಗೆ ಚೆಂದಲ್ಲ. ಕುತ್ತಿಗೆಗೆ ಸುತ್ತಿ ತುದಿಗಳನ್ನ ಅಂಗಿಯೊಳಗೆ ಹಾಕ್ರಿ. ನಮ್ಮಪ್ಪನ ಟಾವೆಲ್ ಹೆದರಿಕೆಗೆ ಹೆಗಲಿಂದ ಇಳೀತಿತ್ತು. ನಮ್ಮದು ನಮ್ಮ ಜೀವದ ಸಲುವಾಗಿ ಒಳಗೆ ಹೋಗಲಿ, ಬೆಳಿಗ್ಗೆ ಮತ್ತೆ ಹೆಗಲೇರಲಿ.

ಥಂಡಿ ಮತ್ತ ಮಳಿ. ಏಪ್ರಿಲ್ ಅಂತ ಸುಮ್ಮನಿರಬ್ಯಾಡ್ರಿ. ಹಗಲು ಎಷ್ಟು ಬಿಸಿಲಿದ್ದರೂ ನಸುಕಿನ 3ರಿಂದ 5ರವರೆಗೆ, ಬೆವರಿದ ಅಂಗಿ ಮೇಲೆ ಗಾಳಿ ಬಿದ್ದರೆ ನಡುಕ ಬರ್ತದ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗೇ ಉಳೀತದ. ಅದಕ್ಕ ಒಳಗೆ ಬೇಗ ಒಣಗೋ ಆಟದ ಬನಿಯನ್, ಮೇಲೆ ಹತ್ತಿ ಅಂಗಿ. ನಿಂತಾಗ ಹಾಕೋಕೆ ತೆಳು ಸ್ವೆಟರ್ ಚೀಲದಲ್ಲಿರಲಿ. ಏನೂ ಇಲ್ಲದವರು ಹಳೇ ನ್ಯೂಸ್‌ಪೇಪರ್ ಎದೆ ಮೇಲೆ, ಅಂಗಿಯೊಳಗೆ ಇಟ್ಟುಕೊಳ್ರಿ. ಸೈಕಲ್ ಸವಾರರ ಹಳೇ ಉಪಾಯ, ಗಾಳಿ ತಡೀತದ. ನಮ್ಮ ಹಿರಿಯರು ಜಾತ್ರೆಗೆ, ಉರುಸಿಗೆ ಚಕ್ಕಡಿಯಲ್ಲಿ ಹೋಗೋವಾಗ ಕಂಬಳಿ ಹೊದ್ಕೊಂಡು ಹೋಗ್ತಿದ್ದರು. ಕಂಬಳಿ ಒದ್ದೆಯಾದರೂ ಬೆಚ್ಚಗ ಇರ್ತದ, ಅದರ ಗುಣ ದೊಡ್ಡದು. ಆದ್ರ ಮಳೆ ನೀರು ಕುಡಿದ ಕಂಬಳಿಯ ಭಾರ ಹೊತ್ತು ಪೆಡಲ್ ತುಳಿಯೋದು ಆಗೋ ಮಾತಲ್ಲ. ಅದು ಹಿಂದೆ ಬರೋ ಟೆಂಪೋದಲ್ಲಿರಲಿ. ಮಳಿ ಬಂದರೆ ಗಾಳಿಗೆ ಉಬ್ಬೋ ಪ್ಲಾಸ್ಟಿಕ್ ಹೊದಿಕೆ ಬ್ಯಾಡ, ಮೈಗೆ ಹತ್ತಿ ಕೂಡೋ ರೇನ್ ಕೋಟ್ ಇರಲಿ. ಒಂದು ಮಾತು ಮರೀಬ್ಯಾಡ್ರಿ, ರೇನ್ ಕೋಟ್ ಹಾಕಿದ ಮೇಲೆ ಜಾಕೀಟು ಅದರ ಒಳಗಲ್ಲ, ಮೇಲೆ!

ತಲೆ. ಹೆಲ್ಮೆಟ್ ಇದ್ದವರು ಹಾಕ್ಲೇಬೇಕು. ಸೈಕಲ್ಲಿನದು ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸೋಣ, ಲೆಕ್ಕ ಹಾಕ್ತಾ ಇದ್ದೀವಿ. ಕಣ್ಣಿಗೆ ಬಿಳಿ ಗಾಜಿನ ಕನ್ನಡಕ, ಹುಳ ಬೀಳ್ತಾವ. ಕರೀ ಕನ್ನಡಕ ಹಾಕ್ಕೊಂಡು ಬಂದವರನ್ನ ಟೆಂಪೋದಲ್ಲಿ ಕೂಡಿಸ್ತೀವಿ. ಮುಂದ ಬಿಳಿ ಲೈಟು, ಹಿಂದ ಕೆಂಪು ಲೈಟು ಇಲ್ಲದ ಸೈಕಲ್ಲಿಗೆ ಸಾಲಿನಲ್ಲಿ ಜಾಗ ಇಲ್ಲ. ಹೊಸ ಸೈಕಲ್ಲಿಗೆ ರಿಫ್ಲೆಕ್ಟರ್ ಗುಣಮಟ್ಟ ಇಷ್ಟೇ ಇರಬೇಕಂತ ಕೇಂದ್ರ ಸರಕಾರ 2020ರಲ್ಲಿ ಆದೇಶ ಮಾಡೇದ, ಆದ್ರ ನಮ್ಮ ಹಳೇ ಸೈಕಲ್ಲುಗಳದು ಉದುರಿ ಎಷ್ಟೋ ವರ್ಷ ಆಯ್ತು. ಮಡ್‌ಗಾರ್ಡಿಗೆ ಹೊಸದು ಹಚ್ಚಿಸ್ರಿ.

ಚೀಲದಲ್ಲಿ: ಒಣ ಬನಿಯನ್, ಒಣ ಸಾಕ್ಸು, ನೀಲಿ ಟೀ ಶರ್ಟ್, ಎಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಮತ್ತ ನೀರಿನ ಬಾಟಲಿ ಎರಡು. ಯಾಕಂತ ಮೇಲೆ ಹೇಳೀನಿ, 1901.

ಖರ್ಚಿನ ಬಗ್ಗೆ. ಹೊಸ ಬಟ್ಟೆ ಕೊಳ್ಳೋ ಶಕ್ತಿ ಎಲ್ಲರಿಗೂ ಇಲ್ಲ, ನನಗೂ ಇಲ್ಲ. ಇದ್ದುದರಲ್ಲಿ ಸ್ವಚ್ಛ ಬಿಳಿ ಅಂಗಿ ಸಾಕು. ಪಟ್ಟಿ ಮೀಟರ್ ಲೆಕ್ಕದಲ್ಲಿ ಸಿಗ್ತದ. ಒಂದು ರೋಲು ತಂದು ನಮ್ಮಲ್ಲೇ ಹೊಲಿಗೆ ಬಲ್ಲ ಅಕ್ಕಂದಿರ ಕಡೆ ಹೊಲಿಸೋಣ, ಅವರ ಕೂಲಿ ಕೊಟ್ಟೇ ಹೊಲಿಸೋಣ, ಜೈ ಭೀಮ್ ಅಂತ ಪುಕ್ಕಟೆ ಮಾಡಿಸೋದು ಬ್ಯಾಡ.

ಆ ತಮ್ಮನಿಗೆ ಇನ್ನೊಂದು ಮಾತು. ನಿಮ್ಮವ್ವನನ್ನ ಕೇಳಿದೆ. ಆಕಿ ಹೇಳಿದ್ದು ಇಷ್ಟೇ: "ಪಟ್ಟಿ ಸವೆದದ್ದು ಕೊಡಬ್ಯಾಡ್ರಿ ಹುಡುಗರಿಗೆ, ನಮಗ ಹಂಗ ಕೊಟ್ಟಾರ, ಗಾಡಿ ಮೈಮ್ಯಾಲೆ ಬರ್ತಾವ." ಈ ಮಾತಿನ ಮೇಲೆ ನಮಗೆ ಎರಡು ಕೆಲಸ ಐತಿ. ಒಂದು, ನಮ್ಮ ಜಾಕೀಟು ಹೊಸ ಪಟ್ಟಿಯದ್ದೇ ಆಗಿರಬೇಕು. ಎರಡು, ಜಯಂತಿ ಮುಗಿದ ವಾರ ಪೌರಕಾರ್ಮಿಕರಿಗೆ ಹೊಸ ಜ್ಯಾಕೆಟ್, ಬೂಟು, ಕೈಗವಸು ವರ್ಷ ವರ್ಷ ಕೊಡ್ಲೇಬೇಕಂತ ಅರ್ಜಿ ಹಾಕೋದು. ಅರ್ಜಿಯ ಕರಡು ನಾನು ಬರೀತೀನಿ, ಅದೇ ನನ್ನ ಕಸುಬು. ಸಹಿ ಮಾಡೋಕೆ ನೀವು ಬರಬೇಕು. ರಾತ್ರಿ ಒಂದು ಸಲ ಹೊಳೆದು ಬಂದು, ದಿನಾ ಕತ್ತಲಲ್ಲಿ ನಿಲ್ಲೋರನ್ನ ಮರೆತರೆ ಈ ಸವಾರಿಗೆ ಅರ್ಥ ಇಲ್ಲ.

13ಕ್ಕೆ ರಾತ್ರಿ 9ಕ್ಕೆ ಎಲ್ಲರೂ ಸೇರಬೇಕು. ಹೊರಡೋ ಮುಂಚೆ ಒಬ್ಬೊಬ್ಬರೂ ನೂರು ಹೆಜ್ಜೆ ದೂರ ಕತ್ತಲಲ್ಲಿ ಹೋಗಿ ನಿಲ್ಲಬೇಕು, ಒಂದು ಬೈಕಿನ ಹೆಡ್‌ಲೈಟ್ ಹಚ್ಚಿ ನೋಡ್ತೀವಿ. ಮುಂದಿಂದ, ಹಿಂದಿಂದ, ಪಕ್ಕದಿಂದ. ಕಾಣದವರಿಗೆ ಅಲ್ಲೇ ಇನ್ನೊಂದು ಪಟ್ಟಿ ಕಟ್ತೀವಿ. ಎಲ್ಲರೂ ಕಂಡ ಮೇಲೇ ಮೊದಲ ಸೈಕಲ್ ಹೊರಡೋದು.

ಬೂಟಿನ ಅಳತೆ, ಜಾಕೀಟಿನ ಅಳತೆ ಕೆಳಗೆ ಬರೀರಿ.

ಜೈ ಭೀಮ್.